ಅಂಚೆಯಲ್ಲಿ ಬರುವ ಆರು ಅಂಕಿ

ಮುಂಡಗೋಡ ತಾಲ್ಲೂಕಿನ ಟಿಬೆಟನ್ ಕಾಲೊನಿಗೆ ಕಾಗದ ಬರೆಯುವವರು ಬೀದಿಯ ಹೆಸರಿಗಾಗಿ ತಡಕಾಡಬೇಕಿಲ್ಲ. ಕ್ಯಾಂಪಿನ ನಂಬರು, ಮನೆಯ ನಂಬರು, ಕೊನೆಯಲ್ಲಿ 581411 ಎಂಬ ಪಿನ್‌ಕೋಡ್ ಇದ್ದರಾಯಿತು. ಸ್ವಂತ ಬ್ಲಾಗ್ ಅಥವಾ ಜಾಲತಾಣ ತೆರೆದು, ಅದರಲ್ಲಿ ಜಾಹೀರಾತು ಹಾಕಿ ನಾಲ್ಕು ಕಾಸು ಗಳಿಸಲು ಹೊರಟ ಇಲ್ಲಿಯ ವಿದ್ಯಾರ್ಥಿಗೆ ಈ ವಿಳಾಸವೇ ಮೊದಲ ಪರೀಕ್ಷೆ. ಗೂಗಲ್ ಸಂಸ್ಥೆಯ ‘ಆಡ್‌ಸೆನ್ಸ್’ ಖಾತೆಯಲ್ಲಿ ಗಳಿಕೆ 10 ಡಾಲರ್ ಮುಟ್ಟಿದಾಗ ಸಂಸ್ಥೆ ಆರು ಅಂಕಿಯ ಒಂದು ಸಂಖ್ಯೆಯನ್ನು ಕಳಿಸುತ್ತದೆ. ಅದು ಬರುವುದು ಸಾದಾ ಅಂಚೆಯಲ್ಲಿ! ತಲುಪಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ತಿಂಗಳೊಳಗೆ ಆ ಸಂಖ್ಯೆಯನ್ನು ಖಾತೆಯಲ್ಲಿ ದಾಖಲಿಸದಿದ್ದರೆ ತಾಣದಲ್ಲಿ ಜಾಹೀರಾತು ಕಾಣಿಸುವುದೇ ನಿಂತುಹೋಗುತ್ತದೆ. ಕಂಪ್ಯೂಟರ್ ಯುಗದ ವ್ಯಾಪಾರವೂ ಕೊನೆಗೆ ಅಂಚೆಯಣ್ಣನ ಸೈಕಲ್ಲಿಗೆ ಕಾಯುತ್ತದೆ ಎಂಬುದು ತಮಾಷೆಯ ಸಂಗತಿಯೇ ಸರಿ.

ಆದರೆ ಪಾಲಕರ ಪ್ರಶ್ನೆ ಬೇರೆ. ಆ 10 ಡಾಲರ್ ಆಗುವುದು ಯಾವಾಗ? ‘ಮನೆಯಲ್ಲೇ ಕುಳಿತು ತಿಂಗಳಿಗೆ ಐವತ್ತು ಸಾವಿರ’ ಎಂಬ ಪ್ರಚಾರ ಎಲ್ಲೆಲ್ಲೂ ಕಾಣುತ್ತದೆ. ಅದನ್ನು ಕಲಿಸುತ್ತೇವೆಂದು ಸಾವಿರಾರು ರೂಪಾಯಿ ಶುಲ್ಕ ಕೇಳುವವರೂ ಇದ್ದಾರೆ. ಓದುವ ಹುಡುಗ ರಾತ್ರಿ ಹನ್ನೊಂದರವರೆಗೆ ಕಂಪ್ಯೂಟರಿನ ಮುಂದೆ ಕುಳಿತಿದ್ದರೆ, ಆ ಹೊತ್ತಿಗೆ ಬೆಲೆ ಉಂಟೋ ಇಲ್ಲವೋ ಎಂದು ಮನೆಯವರಿಗೆ ಗೊತ್ತಾಗಬೇಡವೆ?

ವ್ಯವಸ್ಥೆಯೇನೋ ಸರಳ. ದಿನಪತ್ರಿಕೆಯ ಮುದ್ರಣ ವೆಚ್ಚದಲ್ಲಿ ದೊಡ್ಡ ಪಾಲನ್ನು ಓದುಗ ಕೊಡುವುದಿಲ್ಲ, ಜಾಹೀರಾತು ಕೊಡುತ್ತದೆ. 2003ರಲ್ಲಿ ಆರಂಭವಾದ ಆಡ್‌ಸೆನ್ಸ್ ಇದೇ ಏರ್ಪಾಡನ್ನು ಸಣ್ಣ ಪುಟ್ಟ ಬ್ಲಾಗುಗಳಿಗೂ ತಂದಿತು. ಓದುಗ ಒಂದು ಪುಟ ತೆರೆದ ಕೂಡಲೇ, ಆ ಪುಟದ ವಿಷಯವೇನು, ಓದುಗ ಯಾವ ದೇಶದವನು ಎಂಬುದನ್ನು ನೋಡಿ, ಜಾಹೀರಾತುದಾರರ ನಡುವೆ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹರಾಜು ನಡೆಯುತ್ತದೆ. ಹೆಚ್ಚು ಕೂಗಿದವನ ಜಾಹೀರಾತು ಪುಟದಲ್ಲಿ ಮೂಡುತ್ತದೆ. ಜಾಹೀರಾತುದಾರ ಗೂಗಲ್ ಮೂಲಕ ಕೊಟ್ಟ ನೂರು ರೂಪಾಯಿಯಲ್ಲಿ ಸುಮಾರು 68 ರೂಪಾಯಿ ತಾಣದವರಿಗೆ ಸೇರುತ್ತದೆ. ಮೊದಲು ಯಾರಾದರೂ ಜಾಹೀರಾತಿನ ಮೇಲೆ ಒತ್ತಿದರೆ ಮಾತ್ರ ಹೆಚ್ಚಾಗಿ ಹಣ ಬರುತ್ತಿತ್ತು. ಜಾಹೀರಾತು ಕಾಣಿಸಿದ್ದಕ್ಕೇ ಹಣ ಎಣಿಸುವ ಪದ್ಧತಿಗೆ ಬದಲಾಗುವುದಾಗಿ 2023ರ ನವೆಂಬರಿನಲ್ಲಿ ಸಂಸ್ಥೆ ಪ್ರಕಟಿಸಿತು.

ಕನ್ನಡಕ್ಕೆ ಈ ಸೌಲಭ್ಯ ತಡವಾಗಿಯೇ ದಕ್ಕಿತು. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಅಂತರಜಾಲಕ್ಕೆ ತಂದದ್ದು 1996ರಲ್ಲಿ, ಹರಿಪ್ರಸಾದ್ ನಾಡಿಗ್ ಅವರ ‘ಸಂಪದ’ ಬಂದದ್ದು 2005ರಲ್ಲಿ. ಕನ್ನಡದಲ್ಲಿ ಬರೆಯುವವರಿಗೂ ಓದುವವರಿಗೂ ಆಗಲೇ ಕೊರತೆ ಇರಲಿಲ್ಲ. ಆದರೆ ಯುನಿಕೋಡ್ ಬಳಕೆಗೆ ಬರುವ ಮುನ್ನ, ಬೇರೆ ಬೇರೆ ಫಾಂಟುಗಳಲ್ಲಿ ಮೂಡುತ್ತಿದ್ದ ಕನ್ನಡ ಯಂತ್ರದ ಕಣ್ಣಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪುಟದಲ್ಲಿರುವುದು ಅಡಿಕೆಯ ಧಾರಣೆಯೋ ಅಡುಗೆಯ ವಿಧಾನವೋ ಅದಕ್ಕೆ ಹೇಗೆ ತಿಳಿಯಬೇಕು? ಆಡ್‌ಸೆನ್ಸ್ ಹಿಂದಿಯನ್ನು ಸೇರಿಸಿಕೊಂಡದ್ದು 2014ರ ಕೊನೆಗೆ, ಬಂಗಾಳಿಯನ್ನು 2017ರಲ್ಲಿ, ತಮಿಳು–ತೆಲುಗನ್ನು 2018ರಲ್ಲಿ. ಕನ್ನಡದ ಸರದಿ ಆಮೇಲೆ ಬಂತು. ಟಿಬೆಟನ್ ಭಾಷೆ ಇನ್ನೂ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕಾಲೊನಿಯ ಹುಡುಗ ತಾಯ್ನುಡಿಯಲ್ಲಿ ಎಷ್ಟೇ ಸೊಗಸಾಗಿ ಬರೆದರೂ ಈ ದಾರಿಯಲ್ಲಿ ಹಣ ಕಾಣಲಾರ. ಕನ್ನಡಕ್ಕೋ ಇಂಗ್ಲಿಷಿಗೋ ಬರಬೇಕು.

ಇನ್ನು ಲೆಕ್ಕ. ದಿನಕ್ಕೆ 500 ಪುಟ ಓದಿಸಿಕೊಳ್ಳುವ ತಾಣವೊಂದಿದೆ ಎಂದಿಟ್ಟುಕೊಳ್ಳಿ. ಹೊಸಬನಿಗೆ ಇದು ಸಣ್ಣ ಸಂಖ್ಯೆಯೇನಲ್ಲ. ತಿಂಗಳಿಗೆ 15,000 ಪುಟ. ಸಾವಿರ ಪುಟಕ್ಕೆ ಅರ್ಧ ಡಾಲರ್ ಎಂದು ಹಿಡಿದರೆ ತಿಂಗಳ ಗಳಿಕೆ ಏಳೂವರೆ ಡಾಲರ್. ಅಂಚೆಯ ಸಂಖ್ಯೆ ಎರಡನೆಯ ತಿಂಗಳಲ್ಲೇ ಹೊರಟೀತು. ಆದರೆ ಹಣ ಬ್ಯಾಂಕಿಗೆ ಬರಲು 100 ಡಾಲರ್ ತುಂಬಬೇಕು. ಅದಕ್ಕೆ ಹದಿನಾಲ್ಕನೆಯ ತಿಂಗಳು! ‘ತಿಂಗಳಿಗೆ ಐವತ್ತು ಸಾವಿರ’ ಎಂದು ಬೋರ್ಡು ಹಾಕಿದವರು ಈ ಗುಣಾಕಾರವನ್ನು ಹೇಳಿಕೊಡುವುದಿಲ್ಲ.

ಗಳಿಕೆ ಹೆಚ್ಚಿಸಲು ಹೊಸಬರಿಗೆ ಮೊದಲು ತೋಚುವ ಉಪಾಯವೆಂದರೆ ಜಾಹೀರಾತುಗಳನ್ನೇ ಹೆಚ್ಚಿಸುವುದು. ಮೇಲೊಂದು, ಕೆಳಗೊಂದು, ಪ್ಯಾರಾಗಳ ನಡುವೆ ಎರಡು. ಜಾತ್ರೆಯ ಅಂಗಡಿಸಾಲಿನಲ್ಲಿ ದೇವರೇ ಕಾಣದ ಹಾಗೆ ಆಗುತ್ತದೆ. ಜಾಹೀರಾತು ಗುಣಮಟ್ಟದ ಬಗ್ಗೆ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ನಿಯಮವೊಂದಿದೆ. ಮೊಬೈಲಿನಲ್ಲಿ ಪುಟದ ಮುಖ್ಯ ಬರಹದ ಎತ್ತರದಲ್ಲಿ ಶೇ 30ಕ್ಕಿಂತ ಹೆಚ್ಚು ಭಾಗವನ್ನು ಜಾಹೀರಾತು ನುಂಗಿದರೆ ಅದು ತಪ್ಪು. ಇಂಥ ತಪ್ಪು ಮಾಡುತ್ತಲೇ ಇರುವ ತಾಣಗಳ ಜಾಹೀರಾತನ್ನು ‘ಕ್ರೋಮ್’ ತಂತ್ರಾಂಶ 2018ರಿಂದ ತಡೆಯುತ್ತ ಬಂದಿದೆ. ಅದಿರಲಿ, ತೆರೆಯಲು ಹೊತ್ತು ಹಿಡಿಯುವ ಪುಟಕ್ಕೆ ಹಳ್ಳಿಯ ದುರ್ಬಲ ಸಿಗ್ನಲ್‌ನಲ್ಲಿ ಯಾರು ತಾನೆ ಕಾಯುತ್ತಾರೆ? ಬರಹದ ಮಧ್ಯೆ ಒಂದು, ಕೊನೆಗೆ ಒಂದು ಇದ್ದರೆ ಆರಂಭಕ್ಕೆ ಧಾರಾಳವಾಯಿತು.

ಊರೇ ಸರಕು

ಹಾಗಾದರೆ ಹೆಚ್ಚಿಸಬೇಕಾದದ್ದು ಏನು? ಬೇರೆಯವರ ಬಳಿ ಇಲ್ಲದ ಸರಕು. ಈ ವಿಷಯದಲ್ಲಿ ಟಿಬೆಟನ್ ಕಾಲೊನಿಯ ವಿದ್ಯಾರ್ಥಿ ಬೆಂಗಳೂರಿನವನಿಗಿಂತ ಭಾಗ್ಯವಂತ. 1966ರಲ್ಲಿ ನೆಲೆಗೊಂಡ ಈ ವಸತಿಯಲ್ಲಿ, ಟಿಬೆಟಿನಲ್ಲಿ 1409ರಲ್ಲಿ ಸ್ಥಾಪನೆಯಾದ ಗಾಂಡೆನ್ ಮತ್ತು 1416ರಲ್ಲಿ ಸ್ಥಾಪನೆಯಾದ ಡ್ರೆಪುಂಗ್ ಮಠಗಳು ಮರುಹುಟ್ಟು ಪಡೆದಿವೆ. ರಜೆಯ ದಿನ ಹುಬ್ಬಳ್ಳಿ, ಶಿರಸಿ, ಹಾವೇರಿಗಳಿಂದ ಸಂಸಾರ ಸಮೇತ ಬರುವವರಿದ್ದಾರೆ. ವಿದೇಶಿಯರೂ ಬರುತ್ತಾರೆ. 2019ರ ಡಿಸೆಂಬರಿನಲ್ಲಿ ದಲೈಲಾಮಾ ಬಂದಾಗಿನಂಥ ಸಂದರ್ಭಗಳಲ್ಲಂತೂ ಜನಸಾಗರ.

ಇವರೆಲ್ಲರ ಪ್ರಶ್ನೆಗಳೂ ಬೇರೆ ಬೇರೆ. ಹುಬ್ಬಳ್ಳಿಯ ಗೃಹಿಣಿಗೆ ಬೇಕಾದದ್ದು ಬಸ್ಸು ಎಲ್ಲಿ ನಿಲ್ಲುತ್ತದೆ, ಪ್ರಾರ್ಥನಾ ಮಂದಿರದೊಳಗೆ ಮಕ್ಕಳನ್ನು ಬಿಡುತ್ತಾರೆಯೇ, ಊಟಕ್ಕೆ ಸಸ್ಯಾಹಾರ ಸಿಗುತ್ತದೆಯೇ ಎಂಬುದು. ವಿದೇಶಿಗನಿಗೆ ಇಲ್ಲಿ ರಾತ್ರಿ ತಂಗಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಅದಕ್ಕೆ ಬಹಳ ಮುಂಚೆಯೇ ಅರ್ಜಿ ಹಾಕಬೇಕು. ಈ ವಿಷಯವನ್ನು ತಪ್ಪಿಲ್ಲದೆ, ಸ್ಪಷ್ಟ ಇಂಗ್ಲಿಷಿನಲ್ಲಿ ಬರೆದ ಒಂದು ಪುಟವನ್ನು ಅಮೆರಿಕದಲ್ಲೋ ಯುರೋಪಿನಲ್ಲೋ ಕುಳಿತವನು ತೆರೆದರೆ, ಅಲ್ಲಿಯ ಜಾಹೀರಾತಿನ ದರ ಹೆಚ್ಚು. ಕನ್ನಡದ ಪುಟಕ್ಕೆ ತಲಾ ಗಳಿಕೆ ಕಡಿಮೆ, ಆದರೆ ಓದುಗರು ಹತ್ತಿರದವರು, ಮತ್ತೆ ಮತ್ತೆ ಬರುವವರು. ಎರಡನ್ನೂ ಇಟ್ಟುಕೊಳ್ಳುವುದು ಜಾಣತನ.

ಇಲ್ಲೊಂದು ಹೊಸ ತೊಡಕಿದೆ. ಹುಡುಕಿದವರಿಗೆ ಉತ್ತರದ ಸಾರಾಂಶವನ್ನು 2024ರಿಂದೀಚೆಗೆ ಗೂಗಲ್ ತಾನೇ ಬರೆದು ಮೇಲುಗಡೆ ತೋರಿಸತೊಡಗಿದೆ. ‘ಮುಂಡಗೋಡ ಯಾವ ಜಿಲ್ಲೆಯಲ್ಲಿದೆ’ ಎಂಬಂಥ ಪ್ರಶ್ನೆಗೆ ಇನ್ನು ಯಾರೂ ಬ್ಲಾಗಿನವರೆಗೆ ಬರಲಾರರು. ಈ ವರ್ಷದ ಲೋಸರ್ ಹಬ್ಬದಲ್ಲಿ ತಾನೇ ತೆಗೆದ ಚಿತ್ರ, ಅಜ್ಜಿ ತುಕ್ಪಾ ಮಾಡುವ ಬಗೆ, ಮಳೆಗಾಲದಲ್ಲಿ ಯಾವ ರಸ್ತೆ ಕೆಟ್ಟಿದೆ ಎಂಬ ವರ್ತಮಾನ, ಇವುಗಳಿಗಾಗಿ ಬಂದಾರು. ಪತ್ರಿಕೆಗಳಿಂದ ಎತ್ತಿ ಅಂಟಿಸಿದ ತಾಣಕ್ಕೆ ಆಡ್‌ಸೆನ್ಸ್ ಒಪ್ಪಿಗೆ ಸಿಗುವುದೇ ಕಷ್ಟ.

ಕಾಲೊನಿಯ ಹಿರಿಯರಿಗೆ ಈ ವ್ಯಾಪಾರದ ಹದವನ್ನು ಹೊಸದಾಗಿ ಹೇಳಬೇಕಿಲ್ಲ. ಇಲ್ಲಿಯ ಎಷ್ಟೋ ಕುಟುಂಬಗಳು ಚಳಿಗಾಲ ಬಂತೆಂದರೆ ಲೂಧಿಯಾನದ ಸ್ವೆಟರುಗಳನ್ನು ತುಂಬಿಕೊಂಡು ದೂರದ ನಗರಗಳಿಗೆ ಹೋಗಿ ಮಾರುತ್ತವೆ. ಕೆಲವೇ ತಿಂಗಳ ದುಡಿಮೆಯಲ್ಲಿ ವರ್ಷದ ಸಂಸಾರ ತೂಗಬೇಕು. ಜಾಹೀರಾತಿಗೂ ಹೀಗೆ ಋತುಮಾನ ಉಂಟು. ದಸರೆ–ದೀಪಾವಳಿಯಿಂದ ಕ್ರಿಸ್‌ಮಸ್‌ವರೆಗೆ ಕಂಪನಿಗಳು ಕೈಬಿಚ್ಚಿ ಖರ್ಚು ಮಾಡುತ್ತವೆ. ಜನವರಿಯಲ್ಲಿ ದರ ಕುಸಿಯುತ್ತದೆ. ಅಷ್ಟೇ ಓದುಗರಿದ್ದರೂ ಹಣ ಕಡಿಮೆಯಾಯಿತೆಂದು ಆಗ ಗಾಬರಿಯಾಗಬೇಕಿಲ್ಲ. ಚಳಿಗಾಲದ ಪ್ರವಾಸಕ್ಕೆ ಬೇಕಾದ ಬರಹಗಳನ್ನು ಮಳೆಗಾಲದಲ್ಲೇ ಬರೆದಿಟ್ಟರೆ, ಓದುಗರು ಹುಡುಕುವ ಹೊತ್ತಿಗೆ ಪುಟ ಸಿದ್ಧವಾಗಿರುತ್ತದೆ.

ಗೆಳೆಯರ ಉಪಕಾರ

ಬಹಳ ಜನ ಎಡವುವುದು ಇಲ್ಲಿಯೇ. ‘ನನ್ನ ಬ್ಲಾಗಿನ ಜಾಹೀರಾತು ಸ್ವಲ್ಪ ಒತ್ತಿರಪ್ಪ’ ಎಂದು ತರಗತಿಯ ವಾಟ್ಸಾಪ್ ಗುಂಪಿಗೆ ಕೋರಿಕೆ ಹೋಗುತ್ತದೆ. ಸ್ನೇಹಿತರು ಉಪಕಾರವೆಂದೇ ಒತ್ತುತ್ತಾರೆ. ಒಂದೇ ಊರಿನಿಂದ, ಅವೇ ಕೆಲವು ಫೋನುಗಳಿಂದ ಬಂದ ಒತ್ತುಗಳನ್ನು ಗುರುತಿಸುವುದು ಗೂಗಲ್‌ಗೆ ಕಷ್ಟವಲ್ಲ. ಸ್ವತಃ ಒತ್ತುವುದು, ಬೇರೆಯವರಿಂದ ಒತ್ತಿಸುವುದು, ಹಣ ಕೊಟ್ಟು ಓದುಗರ ಸಂಖ್ಯೆ ಕೊಳ್ಳುವುದು, ಮೂರೂ ನಿಷಿದ್ಧ. ಕೂಡಿಟ್ಟ ಗಳಿಕೆಯ ಜೊತೆಗೆ ಖಾತೆಯೂ ಹೋಗಬಹುದು. ವರ್ಷದ ಶ್ರಮ ಒಂದು ಸಂಜೆಯ ಸ್ನೇಹದಲ್ಲಿ ಮುಗಿಯುತ್ತದೆ.

ಪಾಲಕರಿಗೆ ಇಲ್ಲಿ ನೇರ ಪಾತ್ರವೂ ಉಂಟು. ಆಡ್‌ಸೆನ್ಸ್ ಖಾತೆಗೆ 18 ವರ್ಷ ತುಂಬಿರಬೇಕು. ಪಿಯುಸಿ ಓದುವ ಹುಡುಗಿಯ ಬ್ಲಾಗಿಗೆ ತಂದೆಯೋ ತಾಯಿಯೋ ತಮ್ಮ ಹೆಸರಿನಲ್ಲಿ ಖಾತೆ ತೆರೆಯಬೇಕಾಗುತ್ತದೆ. ಹಣ ಬರುವುದೂ ಅವರಿಗೇ. ವಯಸ್ಸನ್ನು ಸುಳ್ಳು ಬರೆದು ಸುಲಭ ಮಾಡಿಕೊಳ್ಳುವುದು ಬೇಡ. ಬಂದ ಹಣವೂ ತೆರಿಗೆಯ ಲೆಕ್ಕದಲ್ಲಿ ಆದಾಯವೇ ಎಂಬುದನ್ನು ಮರೆಯುವಂತಿಲ್ಲ. ಶುರುವಿಗೆ ಬಂಡವಾಳವೇನೂ ಬೇಡ, ‘ಬ್ಲಾಗರ್’ ತಾಣ ಉಚಿತವಾಗಿಯೇ ಸಿಗುತ್ತದೆ. ಯಾವುದೇ ತರಬೇತಿಗೆ ದೊಡ್ಡ ಶುಲ್ಕ ಕೊಡುವ ಮುನ್ನ, ಕಲಿಸುವವರ ಸ್ವಂತ ತಾಣ ಯಾವುದು, ಅದರ ಗಳಿಕೆ ಎಷ್ಟು ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಗೂಗಲ್ ಒಂದನ್ನೇ ನಂಬಿ ಕೂರಬೇಕೆಂದೂ ಇಲ್ಲ. ಕಾಲೊನಿಯ ಅತಿಥಿಗೃಹ, ಮೊಮೊ ಅಂಗಡಿ, ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿಯವರು, ಇವರಿಗೆ ಬೇಕಾದ ಗಿರಾಕಿಗಳೇ ಆ ತಾಣದ ಓದುಗರು. ಮೇಲಿನ ಲೆಕ್ಕದ ತಾಣಕ್ಕೆ ಇಬ್ಬರು ವ್ಯಾಪಾರಿಗಳು ತಿಂಗಳಿಗೆ ತಲಾ 500 ರೂಪಾಯಿ ಕೊಟ್ಟರೂ ಅದು ಏಳೂವರೆ ಡಾಲರನ್ನು ಮೀರಿಸುತ್ತದೆ. ಕೊಡುವವರನ್ನು ಒಪ್ಪಿಸಲು ತಿಂಗಳಲ್ಲಿ ಎಷ್ಟು ಜನ ಪುಟ ನೋಡಿದರು ಎಂಬ ಲೆಕ್ಕವನ್ನು ಕಾಗದದಲ್ಲಿ ಬರೆದೇ ತೋರಿಸಬೇಕು. ಪುಟದಲ್ಲಿ ಅದು ‘ಜಾಹೀರಾತು’ ಎಂದು ಕಾಣುವಂತೆ ನಮೂದಿಸಬೇಕು. ಹಣ ಕೊಟ್ಟ ಹೋಟೆಲಿನ ರುಚಿಯನ್ನು ಬರಹದಲ್ಲಿ ಹೊಗಳತೊಡಗಿದರೆ, ಮುಂದಿನ ಭಾನುವಾರ ಅಲ್ಲಿ ಉಂಡು ಹೋದ ಹುಬ್ಬಳ್ಳಿಯ ಸಂಸಾರ ಆ ತಾಣವನ್ನು ಇನ್ನೊಮ್ಮೆ ತೆರೆಯಲಿಕ್ಕಿಲ್ಲ.