ಕಡಲಾಳದ ಕಬ್ಬಿಣದ ಬಸವನಹುಳು

ಮಳೆಗಾಲದಲ್ಲಿ ಪಾಲಾರಿವಟ್ಟಂನ ಕಾಂಪೌಂಡು ಗೋಡೆಗಳ ಮೇಲೆ ತೆವಳುವ ಬಸವನಹುಳುವನ್ನು ಕಾಣದವರಿಲ್ಲ. ಅದೇ ವರ್ಗಕ್ಕೆ ಸೇರಿದ ಜೀವಿಯೊಂದು ಹಿಂದೂ ಮಹಾಸಾಗರದ ತಳದಲ್ಲಿ, ಸುಮಾರು ಎರಡೂವರೆ ಕಿಲೋಮೀಟರ್ ಆಳದಲ್ಲಿ, ಕಬ್ಬಿಣದ ಕವಚ ತೊಟ್ಟು ಬಾಳುತ್ತಿರುವುದು ಸೃಷ್ಟಿಯ ಸೋಜಿಗಗಳಲ್ಲೊಂದು.

ಸಾಗರತಳದ ಬಿರುಕುಗಳೊಳಗೆ ಇಳಿದ ನೀರು ಭೂಗರ್ಭದ ಶಾಖದಿಂದ ಕಾದು, ಲೋಹಗಳನ್ನೂ ಗಂಧಕವನ್ನೂ ಹೊತ್ತು, 300 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಉಷ್ಣತೆಯಲ್ಲಿ ಮೇಲಕ್ಕೆ ಚಿಮ್ಮುತ್ತದೆ. ಇಂತಹ ‘ಕೈರೇ’ ಎಂಬ ಬಿಸಿನೀರಿನ ಬುಗ್ಗೆಯ ಬಳಿ 2001ರಲ್ಲಿ ಈ ಹುಳು ಮೊದಲ ಬಾರಿಗೆ ವಿಜ್ಞಾನಿಗಳ ಕಣ್ಣಿಗೆ ಬಿದ್ದಿತು. 2015ರಲ್ಲಿ ಅದಕ್ಕೆ ಕ್ರೈಸೋಮ್ಯಾಲನ್ ಸ್ಕ್ವಾಮಿಫೆರಮ್ ಎಂಬ ಶಾಸ್ತ್ರೀಯ ನಾಮಕರಣವಾಯಿತು.

ಇದರ ಚಿಪ್ಪಿನ ಹೊರಪದರವೂ ಪಾದವನ್ನು ಮುಚ್ಚಿದ ಹುರುಪೆಗಳೂ ಕಬ್ಬಿಣ ಮತ್ತು ಗಂಧಕದ ಸಂಯುಕ್ತಗಳಿಂದ ಕೂಡಿವೆ. ಆಹಾರಕ್ಕಾಗಿ ಇದು ಅಲೆಯಬೇಕಾಗಿಲ್ಲ. ಅನ್ನನಾಳದ ಗ್ರಂಥಿಯಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಬುಗ್ಗೆಯ ರಾಸಾಯನಿಕಗಳಿಂದಲೇ ಅನ್ನ ಸಿದ್ಧಪಡಿಸುತ್ತವೆ. ಈ ಅತಿಥಿಗಳಿಗೂ ಆಮ್ಲಜನಕ ಒದಗಿಸಬೇಕಾದುದರಿಂದ ಹೃದಯವು ಬೃಹದಾಕಾರ ತಾಳಿ, ದೇಹದ ಗಾತ್ರದ ಶೇಕಡಾ 4ರಷ್ಟನ್ನು ಆಕ್ರಮಿಸಿದೆ. ಮಾನವನ ಹೃದಯದ ಪಾಲು ಇದಕ್ಕಿಂತ ಬಹಳ ಕಡಿಮೆ.

‘ಸಾಲಿಟೇರ್’ ಎಂಬ ಮತ್ತೊಂದು ಬುಗ್ಗೆಯಲ್ಲಿ ಇದೇ ಜಾತಿಯ ಹುಳುಗಳು ಕಬ್ಬಿಣವಿಲ್ಲದೆ ಬಿಳಿಯಾಗಿವೆ. ಅಲ್ಲಿಯ ನೀರಿನಲ್ಲಿ ಕಬ್ಬಿಣದ ಅಂಶ ತೀರ ಅಲ್ಪ. ದೇಹದಿಂದ ಹೊರಬೀಳುವ ಗಂಧಕವು ನೀರಿನ ಕಬ್ಬಿಣದೊಡನೆ ಬೆರೆತು ಹುರುಪೆಗಳಲ್ಲಿ ಶೇಖರವಾಗುತ್ತದೆಂದು 2019ರ ಸಂಶೋಧನೆಯೊಂದು ಸೂಚಿಸಿತು. ಹಾಗಾದರೆ ಈ ಕವಚವು ಶತ್ರುವಿನಿಂದ ರಕ್ಷಣೆಗಿಂತ ಮಿಗಿಲಾಗಿ, ವಿಷವನ್ನು ಹೊರಗೆ ಸಾಗಿಸುವ ಉಪಾಯವಾಗಿರಬಹುದು.

ವಿಷವನ್ನೇ ಜೀರ್ಣಿಸಿಕೊಂಡ ಈ ಜೀವಿಗೆ ಈಗ ಎದುರಾಗಿರುವ ಗಂಡಾಂತರ ಬೇರೆ ಬಗೆಯದು. ಬುಗ್ಗೆಗಳ ಸುತ್ತ ತಾಮ್ರ, ಸತು, ಚಿನ್ನ, ಬೆಳ್ಳಿಗಳ ನಿಕ್ಷೇಪಗಳಿವೆ. ಗಣಿಗಾರಿಕೆಯ ಭೀತಿಯಿಂದ 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಈ ಕಾರಣಕ್ಕಾಗಿ ಪಟ್ಟಿ ಸೇರಿದ ಮೊದಲ ಜೀವಿ ಇದೇ. ಅಂದು ಪರಿಗಣಿಸಲಾದ ಮೂರು ನೆಲೆಗಳ ಒಟ್ಟು ವಿಸ್ತೀರ್ಣ ಸುಮಾರು 0.02 ಚದರ ಕಿಲೋಮೀಟರ್, ಅಂದರೆ ಐದು ಎಕರೆಯಷ್ಟು ಮಾತ್ರ!

ಈ ವಿಷಯ ಕೊಚ್ಚಿಗೆ ದೂರದ್ದಲ್ಲ. ಹಿಂದೂ ಮಹಾಸಾಗರದ ತಳದಲ್ಲಿ 10,000 ಚದರ ಕಿಲೋಮೀಟರ್ ಪ್ರದೇಶದ ಗಂಧಕಯುಕ್ತ ಖನಿಜಗಳ ಅನ್ವೇಷಣೆಗೆ ಭಾರತವು 2016ರಲ್ಲಿ ಒಪ್ಪಂದ ಮಾಡಿಕೊಂಡಿತು. ಇತ್ತ ಕೊಚ್ಚಿಯ ಸಮುದ್ರ ಜೀವಸಂಪನ್ಮೂಲ ಮತ್ತು ಪರಿಸರ ವಿಜ್ಞಾನ ಕೇಂದ್ರದ ‘ಭವಸಾಗರ’ ಸಂಗ್ರಹಕ್ಕೆ 2025ರಲ್ಲಿ ಆಳಸಮುದ್ರ ಜೀವಿಗಳ ರಾಷ್ಟ್ರೀಯ ಭಂಡಾರವೆಂಬ ಮಾನ್ಯತೆ ದೊರೆಯಿತು. ಖನಿಜದ ಲೆಕ್ಕವೂ ಜೀವದ ಲೆಕ್ಕವೂ ಒಂದೇ ದೇಶದ ಕೈಯಲ್ಲಿವೆ.

ಒಡವೆಯ ಮೇಲೆ ಸಾಲ ಕೊಡುವವನು ಮೊದಲು ಅದನ್ನು ಒರೆಗೆ ಹಚ್ಚಿ, ತೂಗಿ, ಪಟ್ಟಿ ಬರೆದಿಡುತ್ತಾನೆ. ಕಡಲ ಒಡಲಿಗೆ ಕೈಯಿಕ್ಕುವ ಮುನ್ನ ಅಲ್ಲಿಯ ಜೀವರಾಶಿಯ ಪಟ್ಟಿಯೂ ಸಿದ್ಧವಾಗಿರುವುದು ನ್ಯಾಯ. ತಾಮ್ರವನ್ನು ಹಳೆಯ ತಂತಿಯಿಂದಲೂ ಮರಳಿ ಪಡೆಯಬಹುದು. ಅಳಿದ ಜೀವಿಯನ್ನು ಮರಳಿ ತರುವ ಕುಲುಮೆಯಿಲ್ಲ.