ಇಂಗ್ಲಿಷ್ ಕೈಬಿಟ್ಟ ಫ್ರೆಂಚ್ ಪದಗಳು

ಪ್ರಶ್ನೆ: ಫ್ರೆಂಚ್‌ನಿಂದ ಇಂಗ್ಲಿಷ್‌ಗೆ ಬಂದು ಈಗ ಬಳಕೆ ತಪ್ಪಿರುವ ಪದಗಳ ಮೂಲವೇನು? ಅವು ಮರೆಯಾದದ್ದೇಕೆ?

ಉತ್ತರ: 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಆಸ್ಥಾನ, ನ್ಯಾಯಾಲಯಗಳಲ್ಲಿ ಫ್ರೆಂಚ್ ನೆಲೆಯೂರಿತು. ಮುಂದಿನ ಶತಮಾನಗಳಲ್ಲಿ ಅದರ ಸಾವಿರಾರು ಪದಗಳು ಇಂಗ್ಲಿಷ್ ಸೇರಿದವು. ಅವುಗಳಲ್ಲಿ ಕೆಲವು ಮುಖ್ಯವಾಗಿ ಮೂರು ಕಾರಣಗಳಿಂದ ಅಳಿದವು.

ಮೊದಲನೆಯದು, ವಸ್ತುವೇ ಇಲ್ಲವಾದದ್ದು. ನೈಟ್ ಎಂಬ ಸವಾರ ಯೋಧರ ಯುದ್ಧಕುದುರೆಗೆ 'ಡೆಸ್ಟ್ರಿಯರ್' ಎಂಬ ಹೆಸರಿತ್ತು. ಬಲಗೈ ಎಂಬರ್ಥದ ಲ್ಯಾಟಿನ್ ಪದವೇ ಅದರ ಮೂಲ. ಏಕೆಂದರೆ ಸೇವಕನು ಕುದುರೆಯನ್ನು ಬಲಗೈಯಲ್ಲಿ ಹಿಡಿದು ನಡೆಸುತ್ತಿದ್ದನು ಎನ್ನಲಾಗುತ್ತದೆ. ನೈಟ್‌ಗಳ ಕಾಲ ಮುಗಿದಂತೆ ಪದವೂ ಹಿಂದೆ ಸರಿಯಿತು.

ಎರಡನೆಯದು, ಲ್ಯಾಟಿನ್ ಪ್ರಭಾವ. 14ನೇ ಶತಮಾನದ ಕವಿ ಚಾಸರ್ ಬಳಸಿದ 'ಪಾರ್ಫಿಟ್' ಪದವನ್ನು ವಿದ್ವಾಂಸರು ಲ್ಯಾಟಿನ್ ಮೂಲಕ್ಕೆ ಹೊಂದಿಸಿ 'ಪರ್ಫೆಕ್ಟ್' ಮಾಡಿದರು. ಸಮಾನ ಎಂಬರ್ಥದ 'ಎಗಲ್' ಕೂಡ 'ಈಕ್ವಲ್'ಗೆ ಜಾಗ ಬಿಟ್ಟಿತು. ಫ್ರೆಂಚ್‌ನಲ್ಲಿ 'ಎಗಲ್' ಇಂದಿಗೂ ದಿನಬಳಕೆಯ ಪದ.

ಮೂರನೆಯದು, ಫ್ರೆಂಚ್ ಪದಗಳ ನಡುವಿನ ಪೈಪೋಟಿ. ಶೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್'ನಲ್ಲಿ ಬರುವ 'ಆರಿಸನ್' ಎಂದರೆ ಪ್ರಾರ್ಥನೆ. ಫ್ರೆಂಚ್‌ನಿಂದಲೇ ಬಂದ 'ಪ್ರೇಯರ್' ಅದನ್ನು ಬದಿಗೊತ್ತಿತು. ಹಾಗೆಯೇ 'ಕಿರರ್ಜನ್' ಹೋಗಿ, ಅದೇ ಮೂಲದ ಚಿಕ್ಕ ರೂಪ 'ಸರ್ಜನ್' ಉಳಿಯಿತು.

ಕೆಲವು ಪದಗಳು ಕಟ್ಟುಪಾಡಿನ ಬಲದಿಂದ ಬದುಕಿವೆ. 'ಕೇಳಿರಿ' ಎಂಬರ್ಥದ 'ಓಯೆ' ಎಂಬ ಹಳೆಯ ಕೂಗು ಅಮೆರಿಕದ ಸುಪ್ರೀಂ ಕೋರ್ಟ್ ಕಲಾಪದ ಆರಂಭದಲ್ಲಿ ಈಗಲೂ ಮೂರು ಬಾರಿ ಕೇಳಿಸುತ್ತದೆ.