ಟೀಶರ್ಟ್ ಮೇಲಿನ ಆ ಗ್ರಾಫ್ ಯಾರದ್ದು?

ಕಪ್ಪು ಟೀಶರ್ಟ್ ಮೇಲೆ ಬೆಟ್ಟಸಾಲಿನಂಥ ಬಿಳಿ ಗೆರೆಗಳು. ಕ್ಯಾಂಪಸ್‌ನಲ್ಲಿ ನಾವೆಲ್ಲ ನೋಡಿರ್ತೀವಿ, ಹಾಕ್ಕೊಂಡೂ ಇರ್ತೀವಿ. ಅದೇನು ಅಂತ ಹುಡುಕಿದಾಗ ಗೊತ್ತಾಯ್ತು: ಅದು ಬರೀ ಡಿಸೈನ್ ಅಲ್ಲ, ನಿಜವಾದ ಡೇಟಾದ ಪ್ಲಾಟ್!

1979ರಲ್ಲಿ ಮ್ಯಾಂಚೆಸ್ಟರ್‌ನ ಜಾಯ್ ಡಿವಿಷನ್ ಬ್ಯಾಂಡಿನ ಮೊದಲ ಆಲ್ಬಂ 'ಅನ್‌ನೋನ್ ಪ್ಲೆಷರ್ಸ್' ಬಂತು. ಮುಖಪುಟದಲ್ಲಿ ಬ್ಯಾಂಡ್ ಹೆಸರಿಲ್ಲ, ಆಲ್ಬಂ ಹೆಸರೂ ಇಲ್ಲ. ಖಗೋಳಶಾಸ್ತ್ರದ ಪುಸ್ತಕವೊಂದರಲ್ಲಿ ಸಿಕ್ಕ ಈ ಚಿತ್ರದ ಬಣ್ಣವನ್ನ ಡಿಸೈನರ್ ಪೀಟರ್ ಸ್ಯಾವಿಲ್ ಉಲ್ಟಾ ಮಾಡಿದರು, ಅಷ್ಟೇ.

ಗೆರೆಗಳ ಅರ್ಥ ಇಷ್ಟು. ಪಲ್ಸಾರ್ ಅಂದ್ರೆ ಗಿರಗಿರ ತಿರುಗೋ ನ್ಯೂಟ್ರಾನ್ ನಕ್ಷತ್ರ. ಅದರ ರೇಡಿಯೊ ಕಿರಣ ದೀಪಸ್ತಂಭದ ಬೆಳಕಿನ ಥರ ನಮ್ಮ ಕಡೆ ಬೀಸಿ ಹೋಗುತ್ತೆ. 1967ರಲ್ಲಿ ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಮೊಟ್ಟಮೊದಲು ಗುರುತಿಸಿದ ಪಲ್ಸಾರೇ ಇದು. ಸುಮಾರು 1.34 ಸೆಕೆಂಡಿಗೊಂದು ಪಲ್ಸ್, ಪಲ್ಸಿಗೊಂದು ಗೆರೆ.

ಪಲ್ಸ್‌ಗಳ ನಡುವೆ ಏನಾದರೂ ಪ್ಯಾಟರ್ನ್ ಇದೆಯಾ ಅಂತ ನೋಡೋಕೆ ಕಾರ್ನೆಲ್ ವಿಶ್ವವಿದ್ಯಾಲಯದ ಹೆರಾಲ್ಡ್ ಕ್ರಾಫ್ಟ್ ತಮ್ಮ 1970ರ ಪಿಎಚ್‌ಡಿ ಪ್ರಬಂಧಕ್ಕೆ ಈ ಪ್ಲಾಟ್ ಮಾಡಿದ್ದರು. ಮುಂದಿನ ಗೆರೆ ಹಿಂದಿನದನ್ನ ಮುಚ್ಚೋ ಹಾಗೆ ಪ್ರೋಗ್ರಾಂ ಬರೆದಿದ್ದರಿಂದ ಅದು ಬೆಟ್ಟಸಾಲಾಯ್ತು.

ತಮ್ಮ ಪ್ಲಾಟ್ ಆಲ್ಬಂ ಮುಖಪುಟವಾಗಿದೆ ಅಂತ ಕ್ರಾಫ್ಟ್‌ಗೆ ಗೊತ್ತಾಗಿದ್ದು ಬೇರೆಯವರು ಹೇಳಿದ ಮೇಲೆ! ನಾವು ಹಾಕ್ಕೊಳ್ಳೋ ಟೀಶರ್ಟ್ ಮೇಲೂ ಅವರ ಹೆಸರಿಲ್ಲ. ಸೀನಿಯರ್ ಕೊಟ್ಟ ಗ್ರಾಫನ್ನ ನಮ್ಮ ರಿಪೋರ್ಟಿಗೆ ಹಾಕುವಾಗ, ಕೆಳಗೆ ಅವರ ಹೆಸರನ್ನಾದ್ರೂ ಬರೆಯೋಣ.